ನೀಲಿ ಈರುಳ್ಳಿ

ಶಬೀನಾಳಿಗೆ ಸಿಕ್ಕಿದ್ದು ಮೂರೇ ಶುಕ್ರವಾರ.

“ಹಿಂದಿನ ಕಂಪನಿಯವರು ಒಂದು ದಿನ ಬಂದು ಕೇಳಿಕೊಂಡು ಹೋದರು. ಒಂದು ವರ್ಷ ಬಿಟ್ಟು ಕಂಪ್ಯೂಟರ್ ತಂದಿಟ್ಟರು. ಈಗ ಅದರ ಮೇಲೆ ಬೆಕ್ಕು ಮಲಗುತ್ತೆ,” ಎಂದಿದ್ದರು ಗುಂಡ್ಲುಪೇಟೆಯ ಈರುಳ್ಳಿ ಮಂಡಿಯ ಮಾಲೀಕ ಲಿಯಾಕತ್ ಅಲಿ. “ಮೂರನೇ ಜುಮಾದೊಳಗೆ ನನ್ನ ಜನ ಮುಟ್ಟದಿದ್ದರೆ ನಿನ್ನದನ್ನೂ ಬೆಕ್ಕಿಗೇ ಬಿಡ್ತೀನಿ, ಬೇಟಿ.”

ಚಾಮರಾಜನಗರದಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದ ಶಬೀನಾಗೆ ಮೈಸೂರಿನ ಪುಟ್ಟ ಸಾಫ್ಟ್‌ವೇರ್ ಕಂಪನಿಯಲ್ಲಿ ಇದೇ ಮೊದಲ ಕೆಲಸ. ಇದು ನಿಂತರೆ ಅವಳೂ ಮನೆಗೆ. ಕಂಪನಿಯ ಪದ್ಧತಿ ಬೇರೆಯಿತ್ತು. ಕಂಪ್ಯೂಟರಿನ ಪರದೆ ಹೇಗಿರಬೇಕೆಂದು ಮೊದಲು ಕಾಗದದಲ್ಲಿ ಬರೆದು ಬಳಸುವವರ ಕೈಗೆ ಕೊಡಬೇಕು. ಅವರು ಹರಿದರೆ ಹರಿಯಲಿ. ವಾರಕ್ಕೊಮ್ಮೆ, ಒಂದು ಚೂರೇ ಆಗಲಿ, ನಡೆಯುವಂಥದ್ದನ್ನು ತೋರಿಸಬೇಕು.

ಯಾವ ಮೂಟೆ ಯಾವ ಲಾರಿಗೆ ಎಂದು ತಿಳಿಸುವುದೇ ಅವಳ ಪರದೆಯ ಕೆಲಸ. ಮೊದಲ ಶುಕ್ರವಾರ ಕಾಗದ ಹಿಡಿದು ನಿಂತಾಗ ಹಮಾಲರ ಮೇಸ್ತ್ರಿ ಪುಟ್ಟಮಾದು, “ಅನ್ನೆರಡು ಕೆಂಪು!” ಎಂದು ಕೂಗಿದ. ಓಹೋ ಎಂದುಕೊಂಡ ಅವಳು ‘ಈರುಳ್ಳಿ ಬಣ್ಣ’ ಎಂಬ ಅಂಕಣ ಮಾಡಿ, ಕೆಂಪು, ಬಿಳಿ ಎಂದು ಬರೆದುಕೊಂಡಳು.

ಎರಡನೇ ಶುಕ್ರವಾರ ಕಂಪ್ಯೂಟರಿನಲ್ಲೇ ತೋರಿಸಿದಳು.

“ಎಂಟು ನೀಲಿ. ಆಕವ್ವ,” ಎಂದ ಪುಟ್ಟಮಾದು.

ಅವಳ ಬೆರಳು ನಿಂತಿತು. “ನೀಲಿ ಈರುಳ್ಳಿನೂ ಇರುತ್ತಾ?”

“ನಮ್ ಮಂಡೀಲಿ ಐತೆ ಕಣವ್ವ. ನಿನ್ ಕಂಪೂಟ್ರಲ್ಲಿ ಬೆಳ್ದಿಲ್ವಾ?”

ಹಮಾಲರೆಲ್ಲ ಗೊಳ್ಳೆಂದರು. ಶಬೀನಾಳಿಗೆ ನಾಚಿಕೆಗಿಂತ ಆ ನೀಲಿ ದೊಡ್ಡದಾಗಿ ಕಾಡಿತು. ಕೇಳಿದರೆ ಕೇಳಿದ್ದಕ್ಕಷ್ಟೇ ಉತ್ತರ ಬರುತ್ತದೆ ಎಂದು ಈಗ ಅವಳಿಗೆ ಗೊತ್ತಾಗಿತ್ತು. ಖಾಲಿ ಚೀಲವೊಂದನ್ನು ಹಾಸಿಕೊಂಡು ಸುಮ್ಮನೆ ನೋಡುತ್ತ ಕುಳಿತಳು.

ಮಂಡಿಯ ಹಿಂಬದಿಯಲ್ಲಿ ದೊಡ್ಡಮಲ್ಲಮ್ಮ ದಬ್ಬಳ ಹಿಡಿದು ಮೂಟೆಗಳ ಬಾಯಿ ಹೊಲಿಯುತ್ತಿದ್ದಳು. ಪ್ರತಿ ಮೂಟೆಗೂ ಮೊಣಕೈವರೆಗೆ ಕೈ ಇಳಿಸಿ, ಹೊರತೆಗೆದು, ಬೆರಳು ಮೂಸಿ, ಆಮೇಲೆ ಮಡಿಲಿನಿಂದ ಒಂದು ದಾರ ಆರಿಸುತ್ತಿದ್ದಳು. ಒಮ್ಮೆ ಕೆಂಪು. ಒಮ್ಮೆ ನೀಲಿ.

“ಅಜ್ಜಿ, ದಾರದ ಬಣ್ಣನಾ?”

“ಮತ್ತಿನ್ನೇನು ಕಣಮ್ಮಿ? ತಳ ಅಸಿ ಇದ್ರೆ ನೀಲಿ, ಇವತ್ತೇ ಗಾಟಿ ಇಳೀಬೇಕು. ಒಣಗಿದ್ರೆ ಕೆಂಪು, ಎಲ್ಡು ದಿನ ತಡೀತದೆ.”

“ಇದನ್ನ ಯಾರು ಹೇಳಿಕೊಟ್ಟರು?”

“ಮೂಗು!”

ಲಿಯಾಕತ್ ಅಲಿಗೇ ಈ ಲೆಕ್ಕ ಗೊತ್ತಿರಲಿಲ್ಲ. ತಮ್ಮ ಮಾಲು ಕೇರಳ ಮುಟ್ಟುವವರೆಗೂ ಕೊಳೆಯದಿರುವುದು ಲಾರಿಯವರ ಚುರುಕಿನಿಂದ ಎಂದೇ ಅವರು ನಂಬಿದ್ದರು.

ಮೂರನೇ ಶುಕ್ರವಾರದ ಪರದೆಯಲ್ಲಿ ಅಕ್ಷರಗಳೇ ಇರಲಿಲ್ಲ. ಎರಡು ದೊಡ್ಡ ಬಣ್ಣದ ಚೌಕ, ಅವುಗಳಲ್ಲಿ ಮೂಟೆಗಳ ಸಂಖ್ಯೆ, ಪಕ್ಕದಲ್ಲಿ ಲಾರಿಗಳ ಚಿತ್ರ, ಅಷ್ಟೆ. ಶಬೀನಾ ಮೌಸನ್ನು ದೊಡ್ಡಮಲ್ಲಮ್ಮನ ಕೈಗೆ ಕೊಟ್ಟಳು. ಮುದುಕಿ ಅದನ್ನು ಮೊದಲು ಮೂಸಿ ನೋಡಿ, ಮತ್ತೆ ಪರದೆ ದಿಟ್ಟಿಸಿದಳು.

“ಅರಿಸಿನ ಎಲ್ಲಿ?”

“ಅರಿಸಿನ?”

“ಸಣ್ಣೀರುಳ್ಳಿ ಬತ್ತಾ ಐತಲ್ಲಾ, ಅದ್ಕೆ. ನೆನ್ನೆಯಿಂದ ಅರಿಸಿನ ದಾರ ಆಕ್ತಾ ಇವ್ನಿ.”

ಶಬೀನಾ ಪರದೆಯ ಎರಡೇ ಚೌಕಗಳನ್ನು ನೋಡಿದಳು. ನೆನ್ನೆಯಿಂದ! ಲಿಯಾಕತ್ ಅಲಿ ಗಡಿಯಾರ ನೋಡಿ ಟೋಪಿ ಏರಿಸಿಕೊಂಡರು.

“ಹಿಂದಿನವರಿಗೆ ಒಂದು ಗೆರೆ ಬದಲಿಸಿ ಅಂದಿದ್ದಕ್ಕೆ ಆರು ತಿಂಗಳು ಅಂದಿದ್ದರು. ನಿನಗೆಷ್ಟು?”

“ನೀವು ನಮಾಜಿಗೆ ಹೋಗಿ ಬನ್ನಿ, ಚಾಚಾ.”

ಅವರು ತಿರುಗಿ ಬಂದಾಗ ಬೆಕ್ಕು ಕಂಪ್ಯೂಟರಿನ ಮೇಲೆ ಜಾಗ ಸಿಗದೆ ಬಾಗಿಲಲ್ಲಿ ಕೂತಿತ್ತು. ಒಳಗೆ ದೊಡ್ಡಮಲ್ಲಮ್ಮ ಪರದೆಯ ಹೊಸ ಅರಿಸಿನ ಚೌಕದ ಮೇಲೇ ಬೆರಳು ಊರಿ ಪುಟ್ಟಮಾದುವನ್ನು ಗದರುತ್ತಿದ್ದಳು:

“ಕಣ್ ಕಾಣಕಿಲ್ವಾ? ಆರು ಅರಿಸಿನ ಅಂತ ಇಲ್ಲೇ ಐತಲ್ಲೋ! ಒತ್ಕೊಂಡು ನಡಿ!”