ನೂರ ಅರವತ್ತೊಂದನೆಯ ಪುಟ

ಯಾರು ಯಾವ ಪುಸ್ತಕವನ್ನು ಎಲ್ಲಿಯವರೆಗೆ ಓದಿದ್ದಾರೆ ಎಂಬುದು ಓದಿದವರಿಗಿಂತ ಬೈಂಡರನಿಗೇ ಚೆನ್ನಾಗಿ ಗೊತ್ತಿರುತ್ತಿತ್ತು. ಹರಿದ ಪುಸ್ತಕವೊಂದು ಅವನ ಮಣೆಯ ಮೇಲೆ ಬಂದು ಬಿದ್ದರೆ ಸಾಕು, ಪುಟದ ಅಂಚಿನ ಬೆರಳ ಕೊಳೆ ಚಾಡಿ ಹೇಳುತ್ತಿತ್ತು. ಮೊದಲ ಹತ್ತು ಪುಟ ಒಲೆ ಒರೆಸಿದ ಬಟ್ಟೆಯಂತೆ. ಇಪ್ಪತ್ತಕ್ಕೆ ಕೊಂಚ ತಿಳಿ. ನಲವತ್ತು ದಾಟಿತೆಂದರೆ ಆಗತಾನೇ ಒಗೆದ ದುಪ್ಪಟಿಯಂತೆ ಬೆಳ್ಳಗೆ.

ಅವನು ಮಾತ್ರ ಯಾವುದನ್ನೂ ಓದುತ್ತಿರಲಿಲ್ಲ. ಓದು ಬರುತ್ತಿರಲಿಲ್ಲ ಎಂದಲ್ಲ. ಕಸುಬು ಕಲಿಸುವಾಗ ಅಪ್ಪ ಮೊದಲ ದಿನವೇ ಹೇಳಿದ್ದ: "ಹೊಲಿಯೋವಾಗ ಓದಬೇಡ. ಕಥೆ ಒಳಗೆ ಬಂದ್ರೆ ಲೆಕ್ಕ ಹೊರಗೆ ಹೋಗುತ್ತೆ. ಪುಟದ ನಂಬರು ನೋಡು, ಹೊಲಿ, ಮುಗೀತು." ಮೂವತ್ತು ವರ್ಷ ಅವನು ನಂಬರನ್ನೇ ನೋಡಿದ, ಹೊಲಿದ. ಒಂದು ಪುಟ ಹಿಂದುಮುಂದಾಯಿತೆಂದು ಒಬ್ಬರೂ ಬೆರಳು ತೋರಿಸಿರಲಿಲ್ಲ.

ದವಸದ ಗೋದಾಮಿಗೆ ಅಂಟಿಕೊಂಡ ಒಂದೇ ಕೋಣೆಯ ಲೈಬ್ರರಿ. ಗೋಣಿಚೀಲದ ಧೂಳಿಗೂ ಪುಸ್ತಕದ ಧೂಳಿಗೂ ಅಲ್ಲಿ ಜಗಳವಿಲ್ಲ. ಭಾನುವಾರ ಮೂರು ಗಂಟೆಗೆ ಓದುಗರ ಕೂಟ. ಕೂಟದ ಕಟ್ಟಳೆ ಇಷ್ಟೇ: ಪ್ರತಿಯೊಬ್ಬರೂ ಎದ್ದು ನಿಂತು, ತಾವು ಈಗ ಏನು ಓದುತ್ತಿದ್ದೇವೆಂದು ಒಂದು ಮಾತು, ಉಳಿದವರು ಏನನ್ನು ಓದಲೇಬೇಕೆಂದು ಇನ್ನೊಂದು ಮಾತು ಹೇಳಬೇಕು. ಮೊದಲನೆಯದು ಬೇಗ ಮುಗಿಯುತ್ತಿತ್ತು. ಎರಡನೆಯದಕ್ಕೆ ಸಂಜೆ ಸಾಲುತ್ತಿರಲಿಲ್ಲ.

ಹೋದ ವರ್ಷದಿಂದ ಅಲ್ಲಿ ವೈಜ್ಞಾನಿಕ ಕಥೆ, ಮಾಯಾಲೋಕದ ಕಥೆ ಬಿಟ್ಟರೆ ಬೇರೆ ಮಾತಿಲ್ಲ. ಅದು ನಿವೃತ್ತ ಹೆಡ್‌ಮಾಸ್ತರರ ಅಪ್ಪಣೆ. "ಅತ್ತೆ ಸೊಸೆ ಜಗಳ ಓದೋಕೆ ಲೈಬ್ರರಿ ಯಾಕ್ರೀ, ಮನೇಲಿ ಇಲ್ವಾ? ಮನುಷ್ಯ ಆಕಾಶ ನೋಡ್ಬೇಕು." ಅಂದಿನಿಂದ ಎಲ್ಲರೂ ಆಕಾಶ ನೋಡುವವರೇ. ಔಷಧದಂಗಡಿಯ ಕಾಂಪೌಂಡರ್ ಕೆಮ್ಮಿನ ಸೀಸೆ ಕಟ್ಟಿಕೊಡುತ್ತಲೇ ಕಪ್ಪುಕುಳಿಯ ಮಾತೆತ್ತುತ್ತಿದ್ದ. ದನದ ಡಾಕ್ಟರು ಬೆಂಕಿಯುಗುಳುವ ಸರ್ಪಕ್ಕೆ ಎಷ್ಟು ಹೊಟ್ಟೆಗಳಿರಬೇಕೆಂದು ಕೇಳದವರಿಗೂ ವಿವರಿಸುತ್ತಿದ್ದರು. ಬೈಂಡರ್ ಕಿಟಕಿಯ ಬಳಿ ಕೂತು, ಬೆನ್ನು ಸಡಿಲವಾದ ಪುಸ್ತಕಗಳಿಗೆ ನೂಲು ಹಾಕುತ್ತ, ಯಾರ ಮಾತಿಗೂ ತಲೆ ಎತ್ತುತ್ತಿರಲಿಲ್ಲ.

ಆ ಭಾನುವಾರ ಎದ್ದು ನಿಂತವಳು ಅವನ ನಾದಿನಿ. ಹೆಂಡತಿಯ ತಂಗಿ, ಹಾಲಿನ ಡೇರಿಯಲ್ಲಿ ಎರಡು ಹೊತ್ತೂ ಹಾಲು ಅಳೆಯುವವಳು. ನೀರು ಬೆರೆಸಿದ್ದನ್ನು ಕ್ಯಾನಿನಲ್ಲಿ ನೋಡುವ ಮೊದಲೇ ತಂದವರ ಮುಖದಲ್ಲಿ ನೋಡಿಬಿಡುತ್ತಿದ್ದಳು. ಕೂಟಕ್ಕೆ ಸೇರಿ ಎರಡೇ ತಿಂಗಳಾದ್ದರಿಂದ ತಿಳಿಯದೆ ಒಂದು ಎಡವಟ್ಟು ಮಾಡುತ್ತಿದ್ದಳು: ಶಿಫಾರಸು ಮಾಡಿದ ಪುಸ್ತಕವನ್ನು ಮನೆಗೆ ಒಯ್ದು ಕೊನೆಯವರೆಗೂ ಓದುತ್ತಿದ್ದಳು.

"ಮೇಷ್ಟ್ರೇ, ನೀವು ಹೇಳಿದ ಆಕಾಶನೌಕೆ ಪುಸ್ತಕ ಓದಿದೆ. ಒಂದು ಅನುಮಾನ. ನೌಕೇಲಿ ಹನ್ನೊಂದು ಜನ. ಉಸಿರಾಡೋ ಗಾಳಿ ಮುಗೀತಾ ಬಂದಿದೆ. ಕ್ಯಾಪ್ಟನ್ ಉಗ್ರಾಣದ ಬಾಗಿಲು ತಳ್ತಾನೆ. ನೋಡಿದ್ರೆ ಅಲ್ಲಿ ಬಿಳೀ ಕುದುರೆ! ಮೂರು ದಿನದಿಂದ ಹುಲ್ಲಿಲ್ಲವಂತೆ. ಅದು ಯಾವಾಗ ಹತ್ತಿತು? ಅಲ್ಲಿಂದಾಚೆ ಕ್ಯಾಪ್ಟನ್ ಸುದ್ದೀನೇ ಇಲ್ಲ. ಯಾರೋ ರಾಣಿಯಂತೆ, ಬೆಟ್ಟ ಮಾತಾಡುತ್ತಂತೆ. ಆ ಹನ್ನೊಂದು ಜನ ಏನಾದ್ರು?"

ಹೆಡ್‌ಮಾಸ್ತರರ ನಶ್ಯದ ಹೆಬ್ಬೆಟ್ಟು ಆ ಪುಸ್ತಕದ ಮೂವತ್ತೆರಡನೆಯ ಪುಟದಲ್ಲೇ ನಿಂತಿತ್ತೆಂದು ಬೈಂಡರನಿಗೆ ಗೊತ್ತಿತ್ತು. ಅವರು ಕನ್ನಡಕ ತೆಗೆದರು, ಒರೆಸಿದರು, ಬೆಳಕಿಗೆ ಹಿಡಿದು ನೋಡಿ ಮತ್ತೆ ಒರೆಸಿದರು. ಮೂವತ್ತೈದು ವರ್ಷ ಪಾಠ ಹೇಳಿದವರಿಗೆ ಉತ್ತರ ಹುಟ್ಟಿಸಲು ಅಷ್ಟು ಹೊತ್ತು ಸಾಕು.

"ಕುದುರೆ ಯಾವಾಗ ಹತ್ತಿತು ಅಂತೀಯಲ್ಲಮ್ಮ," ಎಂದರು ಕರುಣೆಯಿಂದ. "ಅದು ಹತ್ತಿಲ್ಲ. ಅದು ಇತ್ತು. ನಮ್ಮೆಲ್ಲರೊಳಗೂ ಇದೆ."

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಕಾಂಪೌಂಡರ್ ತೋಳು ಮುಂದೆ ಚಾಚಿದ. "ಆ ಜಾಗದಲ್ಲಿ ನನಗಂತೂ ಮೈ ಜುಮ್ ಅಂತು. ನೋಡಿ, ಈಗಲೂ."

"ಮೂರು ದಿನ ಹುಲ್ಲಿಲ್ಲ ಅಂದ್ರೆ ಹೊಟ್ಟೆನೋವು ಖಂಡಿತ ಬರ್ಬೇಕು," ಎಂದರು ದನದ ಡಾಕ್ಟರು. "ಲೇಖಕ ಅದನ್ನ ಹೇಳೇ ಇಲ್ಲ ಅಂತ ಕಾಣುತ್ತೆ. ಹೇಳದೇ ಇರೋದರಲ್ಲೇ ಇದೆ ಎಲ್ಲಾ."

"ಅದಲ್ಲ, ಆ ಹನ್ನೊಂದು ಜನ..."

"ನೋಡು ತಾಯಿ," ಹೆಡ್‌ಮಾಸ್ತರರು ಕನ್ನಡಕ ಏರಿಸಿಕೊಂಡರು. "ಹಾಲು ಅಳೆಯೋದು ಬೇರೆ, ಪುಸ್ತಕ ಅಳೆಯೋದು ಬೇರೆ."

ಎಲ್ಲರೂ ನಕ್ಕರು. ನಾದಿನಿಯೂ ನಕ್ಕಳು. ಆದರೆ ಕೂತ ಮೇಲೆ ಲೈಬ್ರರಿ ಕಾರ್ಡನ್ನು ಬೆರಳಲ್ಲಿ ಮಡಿಸುತ್ತ, ಬಿಡಿಸುತ್ತ ಇದ್ದಳು. ಕಿಟಕಿಯ ಬಳಿ ಬೈಂಡರನ ಸೂಜಿ ಹೆಬ್ಬೆರಳಿಗೇ ಇಳಿದಿತ್ತು.

ಆ ಬೇಸಗೆಯಲ್ಲಿ ಎರಡು ಪುಸ್ತಕ ಒಟ್ಟಿಗೆ ಅವನ ಕೈಗೆ ಬಂದಿದ್ದವು. ಒಂದು ಆಕಾಶನೌಕೆಯದು, ಇನ್ನೊಂದು ಬೆಟ್ಟದ ರಾಣಿಯದು. ಒಂದೇ ಪ್ರಕಾಶನ, ಒಂದೇ ಅಳತೆ, ಒಂದೇ ಅಕ್ಷರ. ಪುಟದ ತಲೆಯ ಮೇಲೆ ಹೆಸರಿಲ್ಲ, ನಂಬರು ಮಾತ್ರ. ಹಳೆಯ ನೂಲು ಕಿತ್ತು, ಹದಿನಾರು ಪುಟಕ್ಕೊಂದರಂತೆ ಮಡಿಕೆಗಳನ್ನು ಬಿಡಿಸಿ, ಒಂದೊಂದು ಪುಸ್ತಕವನ್ನೂ ಎರಡೆರಡು ಗುಡ್ಡೆ ಮಾಡಿ ಜಗಲಿಯ ಮೇಲೆ ಹರಡಿದ್ದ. ಹತ್ತು ಮಡಿಕೆಗೆ ಸರಿಯಾಗಿ ನೂರ ಅರವತ್ತು ಪುಟ. ಅಷ್ಟರಲ್ಲಿ ಬಿರುಗಾಳಿ ಎದ್ದು, ಹೆಂಡತಿ ಓಡಿ ಬಂದು ನಾಲ್ಕು ಗುಡ್ಡೆಗಳನ್ನೂ ಬಾಚಿ ಒಳಗೆ ಇಟ್ಟಿದ್ದಳು. ಮಾರನೆಯ ದಿನ ಅವನು ಅಪ್ಪ ಹೇಳಿದಂತೆಯೇ ಮಾಡಿದ್ದ: ನೂರ ಅರವತ್ತಾದ ಮೇಲೆ ನೂರ ಅರವತ್ತೊಂದು ಇದೆಯೇ ಎಂದು ನೋಡಿದ, ಇತ್ತು, ಹೊಲಿದ. ಹಾಗೆ ಕ್ಯಾಪ್ಟನ್ ತಳ್ಳಿದ ಬಾಗಿಲ ಹಿಂದೆ ಕುದುರೆ ನಿಂತಿತು. ಇನ್ನೊಂದು ಪುಸ್ತಕದಲ್ಲಿ ರಾಣಿ ಲಾಯದ ಬಾಗಿಲು ತೆರೆದರೆ ಖಾಲಿ ಗಾಳಿ ಸಿಲಿಂಡರುಗಳು. ಆ ಪುಸ್ತಕ ದನದ ಡಾಕ್ಟರ ಮನೆಯಲ್ಲಿತ್ತು. ಓದಿ ಮುಗಿಸಿದೆನೆಂದು ಅವರು ಹೇಳಿ ಮೂರು ವಾರವಾಗಿತ್ತು.

ಗುಟ್ಟಾಗಿ ಎರಡನ್ನೂ ತರಿಸಿ, ಬಿಚ್ಚಿ, ಸರಿಯಾಗಿ ಕಟ್ಟಿಬಿಟ್ಟರೆ ಆಯಿತು ಎಂದುಕೊಂಡ. ಸೋಮವಾರ ಲೈಬ್ರರಿಯಮ್ಮನನ್ನು ಕೇಳಿದರೆ ಆಕೆ ಕೈ ಅಲ್ಲಾಡಿಸಿದಳು.

"ಎಲ್ಲಿದೆ ಪುಸ್ತಕ? ಹೆಡ್‌ಮಾಸ್ತರರು ಎರಡನ್ನೂ ಒಯ್ದಿದಾರೆ. ಪ್ರಬಂಧ ಬರೀತಾರಂತೆ. ನೌಕೆಯಿಂದ ಲಾಯಕ್ಕೆ, ಲಾಯದಿಂದ ನೌಕೆಗೆ ಅಂತೇನೋ. ಅವರ ಹಿಂದೆ ಇನ್ನೂ ಏಳು ಜನ ಕಾಯ್ತಿದಾರೆ. ಈ ಲೈಬ್ರರೀಲಿ ಒಂದು ಪುಸ್ತಕಕ್ಕೆ ಜನ ಸಾಲು ನಿಂತದ್ದನ್ನ ನಾನು ಕಂಡೇ ಇಲ್ಲ ಬೈಂಡರ್ರೇ!"

ನುಂಗಲೂ ಆಗದು, ಉಗುಳಲೂ ಆಗದು. ಅವನು ಮೂರು ದಿನ ಅಂಟು ಕುದಿಸಿದ, ರಟ್ಟು ಕೊಯ್ದ.

ಗುರುವಾರ ಡೇರಿ ಮುಗಿಸಿಕೊಂಡು ನಾದಿನಿ ಬಂದಳು. ಕಾರ್ಡನ್ನು ಅವನ ಮಣೆಯ ಮೇಲಿಟ್ಟಳು.

"ಭಾವ, ಇದನ್ನ ಲೈಬ್ರರಿಯಮ್ಮಂಗೆ ಕೊಟ್ಬಿಡಿ. ನನಗೆ ಇನ್ನು ಬೇಡ."

"ಯಾಕಮ್ಮ?"

"ಎಂಟನೇ ಕ್ಲಾಸಿಗೆ ಬಿಟ್ಟವಳು ನಾನು. ಇಷ್ಟು ದಿನ ಎಲ್ಲಾ ಅರ್ಥ ಆಗ್ತಿದೆ ಅಂದ್ಕೊಂಡಿದ್ದೆ. ಆ ಪುಸ್ತಕ ಮೂರು ಸಲ ಓದಿದೆ. ಅವರಿಗೆಲ್ಲ ಕಂಡದ್ದು ನನಗೆ ಕಾಣಲೇ ಇಲ್ಲ. ಹಿಂದೆ ಓದಿದ್ದೂ ಹೀಗೇ ತಪ್ಪಾಗಿ ಓದಿದ್ನೋ ಏನೋ."

ಒಳಗಿಂದ ಹೆಂಡತಿ ಕೂಗಿದಳು: "ಕಟ್ಟಿದವರು ಇವರೇ ತಾನೇ? ಇವರನ್ನೇ ಕೇಳು, ಪುಟ ಗಿಟ ಆಚೀಚೆ ಆಗಿದ್ಯಾ ಅಂತ."

"ಸುಮ್ನಿರೇ ಅಕ್ಕ. ಭಾವ ಕಟ್ಟಿದ ಪುಸ್ತಕದಲ್ಲಿ ಪುಟ ಆಚೀಚೆ ಆಗೋದುಂಟಾ? ಅದಕ್ಕೇ ನನಗೆ ಗೊತ್ತಾದದ್ದು, ಆಚೀಚೆ ಆಗಿರೋದು ನನ್ನ ತಲೆ ಅಂತ."

ಬೈಂಡರನ ಕೈಯಲ್ಲಿದ್ದ ಕುಂಚದಿಂದ ಅಂಟು ನೆಲಕ್ಕೆ ತೊಟ್ಟಿಕ್ಕಿತು. ಹೇಳಲು ಬಾಯಿ ತೆರೆದ. ಬಂದದ್ದು ಬೇರೆ ಮಾತು. "ಭಾನುವಾರದ ತನಕ ಇಟ್ಕೋ ಕಾರ್ಡು. ಭಾನುವಾರ ಬಾ. ಒಂದೇ ಸಲ."

ಭಾನುವಾರ ಬೆಂಚುಗಳು ಸಾಲಲಿಲ್ಲ. ಮೇಜಿನ ಮೇಲೆ ಎರಡೂ ಪುಸ್ತಕ, ಪಕ್ಕದಲ್ಲಿ ಹೆಡ್‌ಮಾಸ್ತರರ ಹನ್ನೆರಡು ಹಾಳೆಯ ಪ್ರಬಂಧ. ಆಗಲೇ ಎರಡು ಪಂಗಡವಾಗಿತ್ತು. ನೌಕೆ ಲಾಯವಾಗುವುದೇ ಉತ್ತಮವೆಂದು ಕಾಂಪೌಂಡರ್. ಲಾಯ ನೌಕೆಯಾಗುವುದು ಇನ್ನೂ ಆಳವೆಂದು ದನದ ಡಾಕ್ಟರು. ಬೈಂಡರ್ ಕಿಟಕಿ ಬಿಟ್ಟು ಎದ್ದು ಮೇಜಿನ ಬಳಿಗೆ ಬಂದ. ಮೂವತ್ತು ವರ್ಷದಲ್ಲಿ ಆ ಕೋಣೆಯಲ್ಲಿ ಅವನು ನಿಂತು ಮಾತಾಡಿದ್ದು ಅದೇ ಮೊದಲು.

"ತಪ್ಪಾಗಿದೆ. ನನ್ನಿಂದಲೇ. ಎರಡು ಪುಸ್ತಕದ ಅರ್ಧರ್ಧ ಅದಲುಬದಲು ಹೊಲಿದಿದೀನಿ. ಕುದುರೆ ಈ ಕಥೇದು. ಗಾಳಿ ಆ ಕಥೇದು. ಡೇರಿಯವಳು ಕೇಳಿದ್ದು ಸರಿಯಾಗೇ ಇತ್ತು."

ನಾದಿನಿ ಬೆಂಚಿನಿಂದ ಅರ್ಧ ಎದ್ದಳು. ಕಾಂಪೌಂಡರ್ ಈ ವಾರವೂ ಮೈ ಜುಮ್ಮೆಂದದ್ದನ್ನು ತೋರಿಸಲು ಚಾಚಿದ್ದ ತೋಳನ್ನು ಹಿಂದಕ್ಕೆಳೆದುಕೊಂಡ.

ಹೆಡ್‌ಮಾಸ್ತರರು ಮಾತ್ರ ನಕ್ಕರು. "ಬೈಂಡರ್, ನಿಮ್ಮ ವಿನಯ ದೊಡ್ಡದು. ನಿಮ್ಮ ಕೈ ತಪ್ಪಿರಬಹುದು, ಕೃತಿ ತಪ್ಪಿಲ್ಲ. ಹೊಲಿದವನಿಗೆ ಅಂಗಿ ಯಾರ ಮೈಗೆ ಒಪ್ಪುತ್ತೆ ಅಂತ ಏನು ಗೊತ್ತು? ಇದನ್ನ ಹೀಗೇ ಬಿಡೋಣ."

"ಹೀಗೇ ಬಿಡ್ಬೇಕು," ಎಂದಿತು ಕೂಟ. ಅಷ್ಟು ದಿನ ಎರಡಾಗಿದ್ದ ಪಂಗಡ ಆ ಒಂದು ಮಾತಿಗೆ ಒಂದಾಯಿತು.

"ಹೀಗೇ ಬಿಟ್ರೆ ಆ ಹನ್ನೊಂದು ಜನ ಉಸಿರುಗಟ್ಟಿ ಸಾಯ್ತಾರೆ ಮೇಷ್ಟ್ರೇ," ಎಂದ ಬೈಂಡರ್. ಜೇಬಿನಿಂದ ಚಾಕು ತೆಗೆದು ನೌಕೆಯ ಪುಸ್ತಕದ ಬೆನ್ನಿಗೆ ಇಳಿಸಿದ. ಅವನೇ ಹಾಕಿದ ಗಟ್ಟಿ ನೂಲು ಒಂದೊಂದೇ ಪಟ್ಟೆಂದಿತು. ಡಾಕ್ಟರು "ಅಯ್ಯಯ್ಯೋ" ಎಂದು ಕಣ್ಣು ಮುಚ್ಚಿಕೊಂಡರು. ಎಷ್ಟೋ ಎಮ್ಮೆಗಳ ಹೊಟ್ಟೆ ಕೊಯ್ದ ಮನುಷ್ಯ.

"ರಿಜಿಸ್ಟರಿನಲ್ಲಿ ಬರೀಲೇಬೇಕಾಗುತ್ತೆ ಬೈಂಡರ್ರೇ," ಲೈಬ್ರರಿಯಮ್ಮ ಮೆಲ್ಲಗೆ ಹೇಳಿದಳು, "ಬೈಂಡಿಂಗ್ ತಪ್ಪಾಗಿತ್ತು ಅಂತ."

"ಬರೀರಿ. ನನ್ನ ಹೆಸರು ಹಾಕೇ ಬರೀರಿ."

ಅವನು ರಾಣಿಯ ಪುಸ್ತಕವನ್ನೂ ಬಿಚ್ಚಿ, ನೂರ ಅರವತ್ತೊಂದರಿಂದ ಮುಂದಿನ ಮಡಿಕೆಗಳನ್ನು ಎತ್ತಿ ನಾದಿನಿಯ ಕೈಗೆ ಕೊಟ್ಟ. "ಹೊಲಿದ ಮೇಲೆ ಕೊಡ್ತೀನಿ ಅಂದ್ರೆ ಇನ್ನೆರಡು ದಿನ. ಈಗಲೇ ನೋಡ್ಬಿಡಮ್ಮ."

ಅವಳು ಮೂಲೆಯ ಸ್ಟೂಲಿನ ಮೇಲೆ ಕೂತು, ಬಿಡಿ ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು ಓದತೊಡಗಿದಳು. ಹೆಡ್‌ಮಾಸ್ತರರು ಪ್ರಬಂಧದ ಮೊದಲ ಹಾಳೆ ಎತ್ತಿದರು. ಎರಡು ವಾಕ್ಯ ಓದಿದರು. ಯಾರೂ ಅವರತ್ತ ನೋಡುತ್ತಿರಲಿಲ್ಲ. ಹಾಳೆ ತಿರುಗಿದಾಗಲೆಲ್ಲ ಎಲ್ಲರ ಕಣ್ಣು ಸ್ಟೂಲಿನ ಕಡೆಗೆ. ಒಮ್ಮೆ ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. ಕಾಂಪೌಂಡರ್ ಬೆಂಚಿನ ತುದಿಗೆ ಸರಿದ. ಇನ್ನೊಮ್ಮೆ ಸಣ್ಣಗೆ ನಕ್ಕಳು; ಡಾಕ್ಟರು ಕತ್ತು ನೀಡಿದರು. ಕೊನೆಗೆ ಹೆಡ್‌ಮಾಸ್ತರರೇ ಪ್ರಬಂಧವನ್ನು ಕೆಳಗಿಟ್ಟು ಗಂಟಲು ಸರಿಪಡಿಸಿಕೊಂಡರು.

"ಅಲ್ಲಮ್ಮ... ಸುಮ್ನೆ ಕೇಳ್ದೆ. ಗಾಳಿ ಸಿಕ್ತಾ ಅವರಿಗೆ?"

"ಇನ್ನೂ ಇಪ್ಪತ್ತು ಪುಟ ಇದೆ ಮೇಷ್ಟ್ರೇ," ಎಂದಳು ನಾದಿನಿ, ತಲೆ ಎತ್ತದೆ. "ಸ್ವಲ್ಪ ಸುಮ್ನಿರಿ."