ಕತ್ತರಿಸಿ ತೆಗೆದ ಕೆಮ್ಮು

ಇಪ್ಪತ್ತೊಂಬತ್ತು ವರ್ಷ ಸಿಟಿ ಬಸ್ಸು ಓಡಿಸಿದವನಿಗೆ ಆ ವರ್ಷದ ಕಣ್ಣಿನ ಪರೀಕ್ಷೆಯಲ್ಲಿ, ಕನ್ನಡಕ ಹಾಕಿದರೂ, ಬೋರ್ಡಿನ ಕೆಳಗಿನ ಮೂರು ಸಾಲು ಕಾಣಲಿಲ್ಲ. ಹತ್ತಿರದ್ದು ಸರಿಯಾಗಿತ್ತು, ದೂರದ್ದು ಮಸುಕು. ಡಿಪೋದವರು ಕೈಕುಲುಕಿ ಮರ್ಯಾದೆಯಿಂದಲೇ ಮನೆಗೆ ಕಳಿಸಿದರು. ಡ್ರೈವರು ಒಂದು ತಿಂಗಳು ಕಿಟಕಿ ಪಕ್ಕದ ಕುರ್ಚಿಯಲ್ಲೇ ಕೂತ. ಬೀದಿಯಲ್ಲಿ ಬಸ್ಸು ಗೇರು ಬದಲಿಸಿದ ಸದ್ದು ಕೇಳಿದರೆ ಅವನ ಎಡಗಾಲು ತಾನಾಗಿ ನೆಲವನ್ನು ಒತ್ತುತ್ತಿತ್ತು.

ಅದನ್ನು ನೋಡಲಾರದೆ ಅಳಿಯ ತನ್ನ ಹಳೇ ಕಂಪ್ಯೂಟರು, ಒಂದು ಪ್ಲಾಸ್ಟಿಕ್ ಸ್ಟೇರಿಂಗು, ಕಾಲಿಗೆ ಪೆಡಲುಗಳು, ಬಸ್ಸು ಓಡಿಸುವ ಆಟ ತಂದು ಜೋಡಿಸಿಕೊಟ್ಟ. "ಆಟದ ಸಾಮಾನಾ?" ಎಂದು ಮೂಗು ಮುರಿದ ಡ್ರೈವರು ಮೂರನೇ ದಿನಕ್ಕೆ ಊಟಕ್ಕೆ ಕರೆದರೂ ಏಳಲಿಲ್ಲ. ಆಡುತ್ತಾ ಆಡುತ್ತಾ ಮಾತಾಡುತ್ತಿದ್ದ. ತೆರೆಯ ಮೇಲಿನ ಗೊಂಬೆ ಪ್ರಯಾಣಿಕರನ್ನು, "ಮುಂದೆ ಹೋಗಿ, ಮುಂದೆ ಹೋಗಿ, ಬಾಗಿಲಲ್ಲೇ ಸಂಸಾರ ಹೂಡ್ಬೇಡಿ" ಎಂದು ಗದರುತ್ತಿದ್ದ. ಅವನ ಹಳೇ ರೂಟಿನಲ್ಲಿ ಒಂದು ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಂಡು ಓಡಿಬರುತ್ತಿದ್ದ ಮೇಡಮ್ಮು, ದಿನಾ ನಿದ್ದೆಹೋಗಿ ಕೊನೇ ಸ್ಟಾಪಿನಲ್ಲಿ ಎಬ್ಬಿಸಿಕೊಳ್ಳುತ್ತಿದ್ದ ಗುಮಾಸ್ತ, ಎಲ್ಲರ ಕತೆಯೂ ಬರುತ್ತಿತ್ತು.

"ಅಪ್ಪ, ಇದನ್ನ ರೆಕಾರ್ಡ್ ಮಾಡಿ ಹಾಕಿದ್ರೆ ಜನ ನೋಡ್ತಾರೆ" ಎಂದಳು ಮಗಳು. ತೆರೆಯನ್ನು ರೆಕಾರ್ಡು ಮಾಡುವ ಸಾಫ್ಟ್‌ವೇರು ಪುಕ್ಕಟೆ ಸಿಕ್ಕಿತು. ಎಡಿಟ್ ಮಾಡುವುದಕ್ಕೂ ಪುಕ್ಕಟೆಯದೊಂದಿತ್ತು, ಆದರೆ ಅದು ಚಿತ್ರದ ನಟ್ಟನಡುವೆ ತನ್ನ ಹೆಸರಿನ ಸೀಲು ಒತ್ತುತ್ತಿತ್ತು. ಮಗಳು ತೀರಾ ಅಗ್ಗದ್ದೊಂದು ಕೊಂಡುಕೊಟ್ಟಳು. ಎಡಿಟ್ ಮಾಡಲು ಮಾತ್ರ ಅವಳಿಗೆ ಪುರಸೊತ್ತಿರಲಿಲ್ಲ. ಕೊನೆಗೆ ಮೌಸು ಹಿಡಿದವಳು ಅವಳ ತಾಯಿ.

ತಾಯಿ ಟೈಲರಮ್ಮ. ಬೀದಿ ತಿರುವಿನಲ್ಲಿ ಆಕೆಯ ಅಂಗಡಿ. ಹೊಸ ಬಟ್ಟೆ ಹೊಲಿಯುವುದಕ್ಕಿಂತ ಹಳೆಯದರಲ್ಲಿ ಸಡಿಲಾದದ್ದನ್ನು ಹಿಡಿದುಕೊಡುವುದು, ಬಿಗಿಯಾದದ್ದನ್ನು ಬಿಟ್ಟುಕೊಡುವುದೇ ಹೆಚ್ಚು. "ಕತ್ತರಿಸೋದು, ಹೊಲಿಗೆ ಕಾಣದ ಹಾಗೆ ಜೋಡಿಸೋದು, ಇಷ್ಟೇ ತಾನೆ? ಕೊಡಿಲ್ಲಿ" ಎಂದು ಕೂತಳು. ಒಂದೇ ವಾರದಲ್ಲಿ ಕೈ ಪಳಗಿತು. ಮೇಲೆ ಚಿತ್ರ, ಕೆಳಗೆ ಎರಡು ಪಟ್ಟಿ, ಒಂದರಲ್ಲಿ ಬಸ್ಸಿನ ಸದ್ದು, ಇನ್ನೊಂದರಲ್ಲಿ ಗಂಡನ ದನಿ. ಮಾತು ಗುಡ್ಡದ ಸಾಲಿನ ಹಾಗೆ ಏರಿಳಿಯುತ್ತಿತ್ತು. ಕೆಮ್ಮು ಮುಳ್ಳಿನ ಹಾಗೆ ನೆಟ್ಟಗೆ ಏಳುತ್ತಿತ್ತು.

ನೋಡುವವರು ನಲವತ್ತರಿಂದ ನಾಲ್ಕು ಸಾವಿರವಾದರು. ಅವರಲ್ಲೊಬ್ಬ ಬರೆದ: "ಅಜ್ಜ, ಕತೆ ಚೆನ್ನಾಗಿದೆ, ಆದರೆ ನಿಮ್ಮ ಕೆಮ್ಮು ಕಿವಿಗೆ ಬಡಿಯುತ್ತೆ." ಟೈಲರಮ್ಮನಿಗೆ ತನ್ನ ಹೊಲಿಗೆಯನ್ನೇ ಆಡಿಕೊಂಡಷ್ಟು ಅವಮಾನವಾಯಿತು. ಅಂದಿನಿಂದ ಒಂದು ಕೆಮ್ಮನ್ನೂ ಬಿಡಲಿಲ್ಲ. ಮೊದಮೊದಲು ಕೇಳಿಸಿಕೊಂಡು ತೆಗೆಯುತ್ತಿದ್ದಳು. ಆಮೇಲೆ ಕೇಳುವ ಅಗತ್ಯವೇ ಬೀಳಲಿಲ್ಲ. ಸದ್ದು ಆರಿಸಿ, ರೇಡಿಯೋ ಹಾಕಿಕೊಂಡು, ಮುಳ್ಳು ಕಂಡಲ್ಲೆಲ್ಲ ಕತ್ತರಿ ಆಡಿಸುತ್ತಿದ್ದಳು. "ಇವತ್ತು ಕಸ ಜಾಸ್ತಿ ಕಣ್ರೀ" ಎನ್ನುವಳು. "ನೀನಿದೀಯಲ್ಲ, ಗುಡಿಸು" ಎನ್ನುವನು.

ಈ ನಡುವೆ ಅವನ ಪ್ಯಾಂಟು ಸೊಂಟದಿಂದ ಜಾರತೊಡಗಿತು. ಆಕೆಯೇ ಎರಡು ಸಲ ಹಿಡಿದುಕೊಟ್ಟಳು. "ಕೂತು ತಿಂದ್ರೆ ಜನ ದಪ್ಪ ಆಗ್ತಾರೆ, ನೀವು ಉಲ್ಟಾ" ಎಂದು ನಕ್ಕಳು.

ಒಂದು ಬೆಳಗ್ಗೆ ಮುಖ ತೊಳೆಯುವ ಬೇಸಿನ್ನಿನಲ್ಲಿ ರಕ್ತದ ಎಳೆ ಕಂಡಿತು. ಅವನು ನೀರು ಬಿಟ್ಟು ಮರೆಮಾಚುವಷ್ಟರಲ್ಲಿ ಆಕೆ ಬಾಗಿಲಲ್ಲಿ ನಿಂತಿದ್ದಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಎಕ್ಸ್‌ರೇಯನ್ನು ದೀಪದೆದುರು ಹಿಡಿದು ಬಹಳ ಹೊತ್ತು ನೋಡಿದರು. "ಕೆಮ್ಮು ಎಷ್ಟು ದಿನದಿಂದ?"

"ಒಂದೆರಡು ತಿಂಗಳು ಇರ್ಬೋದು" ಎಂದ ಡ್ರೈವರು.

ಅಲ್ಲ, ಎಂದು ಟೈಲರಮ್ಮನಿಗೆ ಗೊತ್ತಿತ್ತು. ಎಷ್ಟು ಎಂದು ಹೇಳಲು ಮಾತ್ರ ಆಕೆ ಲೆಕ್ಕ ಇಟ್ಟಿರಲಿಲ್ಲ.

ಕತ್ತರಿಸುವ ಮುಂಚಿನ ವಿಡಿಯೋಗಳನ್ನೆಲ್ಲ ಮಗಳು, "ಬಿಸಾಡಬೇಡಮ್ಮ" ಎಂದು ಒಂದು ಡಿಸ್ಕಿಗೆ ತುಂಬಿಸಿಟ್ಟಿದ್ದಳು. ಟೈಲರಮ್ಮ ಎರಡು ದಿನ ಅಂಗಡಿ ತೆರೆಯಲಿಲ್ಲ. ಹೆಡ್‌ಫೋನು ಹಾಕಿಕೊಂಡು ಮೊದಲಿನಿಂದ ಕೇಳುತ್ತಾ ಹೋದಳು. ಒಣ ಕೆಮ್ಮು ಶುರುವಾಗಿ ಹನ್ನೊಂದು ತಿಂಗಳಾಗಿತ್ತು. ಐದನೇ ತಿಂಗಳಿಗೆ ಅದು ಎದೆಯ ತಳದಿಂದ ಬರುತ್ತಿತ್ತು. ನಾಲ್ಕು ಸಾವಿರ ಜನಕ್ಕೆ ಕೇಳಿಸದಂತೆ ಮಾಡಿ, ತನ್ನ ಕಿವಿಯನ್ನೂ ಮುಚ್ಚಿಕೊಂಡಿದ್ದಳು.

ಕೇಳುತ್ತಾ ಇನ್ನೊಂದು ಕಂಡಿತು. ಏಳನೇ ತಿಂಗಳಿನಿಂದೀಚೆಗೆ ಮುಳ್ಳುಗಳೇ ಕಡಿಮೆ. ಅವುಗಳ ಜಾಗದಲ್ಲಿ ದನಿಯ ಪಟ್ಟಿ ಗೆರೆ ಎಳೆದಂತೆ ಸಪಾಟಾಗಿತ್ತು. ಬಸ್ಸಿನ ಸದ್ದು ಇದೆ, ಉಸಿರು ಕೂಡ ಇಲ್ಲ. ನೀರು ಕುಡಿಯಲು ಎದ್ದಿರಬೇಕು ಎಂದುಕೊಂಡು ಆಗೆಲ್ಲ ಅದನ್ನೂ ಕತ್ತರಿಸಿದ್ದಳು. ಈಗ ಚಿತ್ರ ನೋಡಿದರೆ ಬಸ್ಸು ನಿಂತಿಲ್ಲ, ತಿರುವಿನಲ್ಲಿ ತಿರುಗುತ್ತಿದೆ. ಎದ್ದುಹೋದವನು ಸ್ಟೇರಿಂಗು ತಿರುಗಿಸುವುದು ಹೇಗೆ?

ಹೆಡ್‌ಫೋನು ತೆಗೆದು ಒಳಗೆ ಹೋದಳು. ಅವನು ಗೋಡೆಗೆ ದಿಂಬು ಒರಗಿಸಿಕೊಂಡು ಕೂತಿದ್ದ.

"ರೀ, ಮೈಕ್ ಆಫ್ ಮಾಡಿ ಕೆಮ್ತಿದ್ರಾ?"

ಅವನು ಹೌದೆಂದು ತಲೆಯಾಡಿಸಿದ. "ಕೀಬೋರ್ಡಲ್ಲಿ ಅದಕ್ಕೊಂದು ಗುಂಡಿ ಇದೆ. ಅಳಿಯ ತೋರಿಸ್ಕೊಟ್ಟಿದ್ದ."

"ಯಾಕ್ರೀ?"

"ನೀನು ಅಷ್ಟೊತ್ತು ಬಗ್ಗಿ ಕೂತು ತೆಗೀತಿದ್ದೆ. ಬೆನ್ನುನೋವು ಅಂತಿದ್ದೆ. ಕೆಲಸ ಕಮ್ಮಿ ಆಗ್ಲಿ ಅಂತ." ಹೊದಿಕೆ ಎಳೆದುಕೊಳ್ಳುತ್ತಾ ಹೇಳಿದ, "ಹೆದರಿಕೆನೂ ಇತ್ತು ಕಣೇ. ಕೇಳಿದ್ರೆ ಆಸ್ಪತ್ರೆ ಅಂತೀಯ. ಅಲ್ಲಿಗೆ ಹೋದ್ರೆ ಅವರು ಏನಾದ್ರೂ ಅಂತಾರೆ."

"ನಾನು ಕೇಳಿಸ್ಕೊಳ್ಳೇ ಇಲ್ವಲ್ಲ" ಎಂದಳು. "ಮಗ್ಗುಲಲ್ಲೇ ಇದ್ದು ಕಿವುಡಿ ಆದೆ." ಮಂಚದ ಅಂಚಿನಲ್ಲಿ ಕೂತು ಅತ್ತಳು. ಅವನು ಸಮಾಧಾನ ಮಾಡಲಿಲ್ಲ, ಕೈ ಹಿಡಿದುಕೊಂಡ. ಅಳು ನಿಲ್ಲುವವರೆಗೂ ಬಿಡಲಿಲ್ಲ.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ, ಅವನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಆಕೆ ಒಬ್ಬಳೇ ಒಳಗೆ ಹೋದಳು. "ಹನ್ನೊಂದು ತಿಂಗಳ ಹಿಂದೆ ಕರ್ಕೊಂಡು ಬಂದಿದ್ರೆ?"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಆಗ ಶ್ವಾಸಕೋಶದ ಗಡ್ಡೆ ಚಿಕ್ಕದಿದ್ದು, ಆಪರೇಷನ್ ಮಾಡೋಕೆ ಆಗ್ತಿತ್ತೇನೋ. ಖಂಡಿತ ಅಂತ ಹೇಳಲ್ಲ. ಇಲ್ಲ ಅಂತಲೂ ಹೇಳಲ್ಲಮ್ಮ."

ಸುಳ್ಳು ಹೇಳಲಿಲ್ಲವಲ್ಲ ಎಂದು ಆಕೆ ಕೈ ಮುಗಿದು ಹೊರಬಂದಳು.

ಕ್ಯಾನ್ಸರಿನ ಚಿಕಿತ್ಸೆ ಶುರುವಾದ ಮೇಲೆ ಅವನ ತೋಳಿನಲ್ಲಿ ಸ್ಟೇರಿಂಗು ತಿರುಗಿಸುವ ಶಕ್ತಿ ಉಳಿಯಲಿಲ್ಲ. ಒಂದು ಮಧ್ಯಾಹ್ನ ಕಂಪ್ಯೂಟರಿನ ಪಕ್ಕಕ್ಕೆ ಕುರ್ಚಿ ಹಾಕಿಸಿಕೊಂಡು ಕೂತು, ರೆಕಾರ್ಡು ಶುರುಮಾಡಿ, "ನೀನು ಹಿಡಿ" ಎಂದ.

"ನಾನಾ? ಸೈಕಲ್ ಕೂಡ ಹೊಡೆದವಳಲ್ಲ."

"ನಾನಿದೀನಲ್ಲ. ಕನ್ನಡಿ ನೋಡು. ಕ್ಲಚ್ ಒತ್ತು. ಅಯ್ಯೋ, ಅದು ಬ್ರೇಕು!"

ಬಸ್ಸು ಎಗರಿ ನಿಂತಿತು. ಗೊಂಬೆ ಪ್ರಯಾಣಿಕರೆಲ್ಲ ಬೈದರು. ಎರಡನೇ ತಿರುವಿನಲ್ಲಿ ಸಿಗ್ನಲ್ ಕಂಬಕ್ಕೆ ಗುದ್ದಿದಳು, ಮೂರನೆಯದರಲ್ಲಿ ಫುಟ್‌ಪಾತ್ ಹತ್ತಿಸಿದಳು. "ಇಪ್ಪತ್ತೊಂಬತ್ತು ವರ್ಷದಲ್ಲಿ ನಾನು ಉಳಿಸಿದ ಕಂಬಗಳನ್ನೆಲ್ಲ ಇವತ್ತೇ ಮುಗಿಸ್ತೀಯ" ಎಂದು ಅವನು ನಕ್ಕ. ನಗು ಕೆಮ್ಮಾಯಿತು. ಆಕೆ ಸ್ಟೇರಿಂಗು ಬಿಟ್ಟು ಬೆನ್ನು ಸವರಿದಳು. ಹಿಂದಿನ ವಾಹನಗಳು ಹಾರನ್ನು ಹೊಡೆಯುತ್ತಲೇ ಇದ್ದವು. ಉಸಿರು ಹತೋಟಿಗೆ ಬಂದ ಮೇಲೆ, "ಸ್ಟಾಪಲ್ಲಿ ಜನ ಕಾಯ್ತಿದಾರೆ, ಹೊರಡು" ಎಂದ.

ಆ ರೂಟು ಮುಗಿಸಲು ಒಂದೂವರೆ ಗಂಟೆ ಹಿಡಿಯಿತು. ಕೊನೇ ಸ್ಟಾಪಿನಲ್ಲಿ ಅವನು ಕಣ್ಣು ಮುಚ್ಚಿದ್ದ. ಗಾಬರಿಯಾಗಿ ಭುಜ ಮುಟ್ಟಿದಳು. ನಿದ್ದೆ ಬಂದಿತ್ತು, ಅಷ್ಟೇ.

ಹದಿನಾರು ದಿನ ಬಿಟ್ಟು, ಬೆಳಗ್ಗೆ ಮಗಳು ಗಂಜಿ ಕುಡಿಸುತ್ತಿದ್ದಾಗ, ಸಾಕು ಎಂದು ಕೈಸನ್ನೆ ಮಾಡಿದವನು ಮತ್ತೆ ಬಾಯಿ ತೆರೆಯಲಿಲ್ಲ.

ಟೈಲರಮ್ಮ ತಾನು ಬಸ್ಸು ಓಡಿಸಿದ ಆ ಕೊನೆಯ ವಿಡಿಯೋವನ್ನು ಒಂದು ಕೆಮ್ಮನ್ನೂ ಕತ್ತರಿಸದೆ ಹಾಗೇ ಹಾಕಿದಳು. ಜನ ಕಂಬಗಳನ್ನು ಎಣಿಸಿ ನಕ್ಕರು. ಒಬ್ಬಳು ಕೇಳಿದಳು, "ಅಜ್ಜ ಹುಷಾರಿಲ್ವಾ? ಮುಂದಿನ ರೂಟು ಯಾವಾಗ?" ಉತ್ತರ ಬರೆಯಲು ಆಕೆಗೆ ಇಡೀ ಬೆಳಗ್ಗೆ ಬೇಕಾಯಿತು. ಒಂದೇ ಬೆರಳಿನಿಂದ, ಅಕ್ಷರ ಹುಡುಕಿ ಹುಡುಕಿ ಒತ್ತಿದಳು: "ಅವರು ಹೋದರು. ಆಸ್ಪತ್ರೆಗೆ ಹೋಗುವ ಮುಂಚೆ ಹನ್ನೊಂದು ತಿಂಗಳು ಕೆಮ್ಮಿದರು. ನಿಮಗೆ ಕೇಳಿಸಲಿಲ್ಲ, ಯಾಕೆಂದರೆ ನಾನು ತೆಗೆದುಹಾಕುತ್ತಿದ್ದೆ. ನಿಮ್ಮ ಮನೆಯಲ್ಲಿ ಯಾರಾದರೂ ಕೆಮ್ಮುತ್ತಿದ್ದರೆ ದಯವಿಟ್ಟು ತೋರಿಸಿ."

ಮಗಳು ಓದಿ ಗಾಬರಿಯಾದಳು. "ಅಮ್ಮ, ಇದೇನು ಬರೆದಿದೀಯ? ನಿನ್ನದೇ ತಪ್ಪು ಅಂದ್ಕೋತಾರೆ ಜನ."

"ಅಂದ್ಕೊಳ್ಳಲಿ" ಎಂದಳು ಟೈಲರಮ್ಮ. "ಯಾರೋ ಒಬ್ರು ಹೋಗಿ ತೋರಿಸ್ಕೊಂಡ್ರೂ ಸಾಕು."

ಕಂಪ್ಯೂಟರು ಆರಿಸಿ, ಅಂಗಡಿಯ ಬೀಗದ ಕೈ ತೆಗೆದುಕೊಂಡು ಮೆಟ್ಟಿಲಿಳಿದಳು. ಅಂಗಡಿಯ ಮುಂದೆ ಯಾರೋ ಪ್ಯಾಂಟು ಹಿಡಿದುಕೊಂಡು ಆಗಲೇ ಕಾಯುತ್ತಿದ್ದರು.