ಮಾನಮ್ಮನ ನಿದ್ದೆ

ಬಿಸಿನೀರಿನ ಚೊಂಬು ಹಿಡಿದು ಹೆಣದ ಪಾದಗಳತ್ತ ಬಗ್ಗಿದ್ದ ಸುಜಾತಾಳನ್ನು ಜಟ್ಟೆಪ್ಪ ರಟ್ಟೆ ಹಿಡಿದು ಎಬ್ಬಿಸಿದ. ನೀರು ಚೆಲ್ಲಿ ಇಬ್ಬರ ಕಾಲೂ ನೆನೆಯಿತು.

“ನೀ ಮುಟ್ಟಬ್ಯಾಡ. ನಿನ್ನೆ ಮುಟ್ಟಿದ್ದು ಸಾಲಲಿಲ್ಲೇನು?”

ಜೋಗುಪಾಳ್ಯದ ಆ ಗಲ್ಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದವರೆಲ್ಲ ಇತ್ತ ತಿರುಗಿದರು. ಬಾಗಿಲ ಮುಂದೆ ಚಾಪೆಯ ಮೇಲೆ ಮಾನಮ್ಮ ಮಲಗಿದ್ದಳು. ಸತ್ತವರಿಗೆ ಕಟ್ಟುವಂತೆ ಅವಳ ಎರಡೂ ಹೆಬ್ಬೆರಳುಗಳನ್ನು ಸೇರಿಸಿ ಬಿಳಿ ದಾರ ಬಿಗಿದಿದ್ದರು. ಅವಳ ತಮ್ಮ ಜಟ್ಟೆಪ್ಪ ಮಹದೇವಪುರದ ಗಾರೆ ಕೆಲಸದಿಂದ ಹಾಗೇ ಎದ್ದು ಬಂದಿದ್ದ. ಹಿಮ್ಮಡಿಯ ಬಿರುಕುಗಳಲ್ಲಿ ಸಿಮೆಂಟು ಇನ್ನೂ ಕೂತಿತ್ತು.

“ಸುಮ್ಕಿರಪ್ಪ,” ಎಂದಳು ಮನೆಯೊಡತಿ ಚಿಕ್ಕಮುನಿಯಮ್ಮ. “ಡಾಕ್ಟ್ರು ಬಂದು ಹಾರ್ಟು ಅಂದಿಲ್ವಾ? ಕಾಲು ಒತ್ತಿದ್ರೆ ಸಾಯೋದಾಗಿದ್ರೆ ನಮ್ಮತ್ತೆ ಯಾವತ್ತೋ ಹೋಗ್ಬೇಕಿತ್ತು. ನಾನು ಒತ್ತಿದ್ದು ಕಮ್ಮೀನಾ?”

ಯಾರೋ ನಗು ನುಂಗಿದರು. ಜಟ್ಟೆಪ್ಪ ನಗಲಿಲ್ಲ. ತೆರೆದ ಬಾಗಿಲೊಳಗೆ ಗೋಡೆಯನ್ನು ತೋರಿಸಿದ. ಅಲ್ಲಿ ಎರಡು ದೊಡ್ಡ ಅಂಗಾಲುಗಳ ಚಿತ್ರ, ಅದರ ತುಂಬ ಬಣ್ಣದ ಚುಕ್ಕೆಗಳು.

“ಅಂಗಾಲಿನ್ಯಾಗ ಗುಂಡಿಗಿ ಅದ, ಪಿತ್ತ ಅದ ಅಂತ ಅಕ್ಕನ ಹೇಳ್ತಿದ್ಳು. ಈಕಿ ಎಲ್ಲಿ ಒತ್ತಿ ಏನ್ ಮಾಡ್ಯಾಳೊ ಯಾರಿಗ್ಗೊತ್ತು?”

ಸುಜಾತಾ ಚೊಂಬು ಕೆಳಗಿಟ್ಟು ಹಿಂದೆ ಸರಿದಳು. ತಿರುಗಿ ಬೈಯಲು ಅವಳಿಗೆ ಬಾಯಿರಲಿಲ್ಲವೆಂದಲ್ಲ. ಅವಳನ್ನೂ ನಿನ್ನೆಯಿಂದ ಅದೇ ತಿನ್ನುತ್ತಿತ್ತು. ನನ್ನ ಕೈಯೊಳಗೆ ಮೊದಲು ಬಂದದ್ದು ನಿದ್ದೆಯೋ, ಸಾವೋ?

*

ಇಂದಿರಾನಗರದ ಮಸಾಜ್ ಪಾರ್ಲರಿಗೆ ಮಾನಮ್ಮ ನೆಲ ಒರೆಸಲು ಸೇರಿದವಳು. ಅಲ್ಲಿ ಪಾದ ಒತ್ತುತ್ತಿದ್ದ ಮಿಜೋರಾಮಿನ ಹೆಂಗಸಿಗೂ ಇವಳಿಗೂ ಗೊತ್ತಿದ್ದ ಮಾತು ಒಂದೂ ಇರಲಿಲ್ಲ. ಗಿರಾಕಿಗಳಿಲ್ಲದ ಹೊತ್ತು ಆಕೆ ಮಾನಮ್ಮನ ಅಂಗಾಲಿನಲ್ಲಿ ಒಂದು ಕಡೆ ಒತ್ತುವಳು. ಮಾನಮ್ಮ ಆಕೆಯ ಅಂಗಾಲಿನಲ್ಲಿ ಅದೇ ಜಾಗ ಹುಡುಕುವಳು. ಹಾಗೆ ಹುಡುಕುತ್ತ ಕಲಿತಳು. ಆಮೇಲೆ ಈ ಬಾಡಿಗೆ ಕೋಣೆಯಲ್ಲಿ ತಾನೇ ಕಲಿಸತೊಡಗಿದಳು.

ಉಗುರು ಕತ್ತರಿಸಬೇಕು. ಅಂಗೈ ಉಜ್ಜಿ ಬಿಸಿ ಮಾಡಿಕೊಳ್ಳಬೇಕು. ಪಾದ ಹಿಡಿದ ಮೇಲೆ ಹರಟೆ ಇಲ್ಲ. ಬೆರಳು ಪಳಗಿದವರನ್ನು ಅವಳು ಪಾರ್ಲರುಗಳಿಗೆ ಕಳಿಸಿಬಿಡುತ್ತಿದ್ದಳು. ಆದರೆ ಕಲಿಸುವ ಹಕ್ಕು ಬೇಕೆಂದವರಿಗೆ ಬೇರೆಯೇ ಪರೀಕ್ಷೆಯಿತ್ತು.

“ನನ್ನ ಮಲಗಿಸಿದಾಕಿಗೆ ಈ ಕ್ಲಾಸು,” ಎನ್ನುವಳು. “ಕಣ್ಣು ಮುಚ್ಚಿ ಮಾರಿ ನಾಟಕ ಮಾಡ್ತದ. ಪಾದಕ್ಕ ನಾಟಕ ಬರಂಗಿಲ್ಲ. ಖರೇನ ನಿದ್ದಿ ಹತ್ತಿದ್ರ ಎರಡೂ ಹೊರಗ ವಾಲ್ತಾವ, ನೋಡಕೋ.”

ಎಲ್ಲರ ಪಾದಗಳೂ ವಾಲುತ್ತಿದ್ದವು. ಮಾನಮ್ಮನ ಪಾದಗಳು ಮಾತ್ರ ಕಾವಲು ನಿಂತಂತೆ ನೆಟ್ಟಗೆ. ಕೊನೆಗೆ ಕಣ್ಣು ತೆರೆದು, “ಇನ್ನಾ ಇಲ್ಲ ನೋಡವಾ,” ಎಂದು ಎದ್ದು ಕೂರುವಳು.

ನಿನ್ನೆ ಮಧ್ಯಾಹ್ನ ಆ ಪರೀಕ್ಷೆ ಅವಳ ಶಿಷ್ಯೆ ಸುಜಾತಾಳದು. ಪರದೆಯ ಹಳದಿ ಬಣ್ಣವೆಲ್ಲ ಬಿಸಿಲಿನೊಂದಿಗೆ ಕೋಣೆಗೆ ಇಳಿದಿತ್ತು. ಎದುರು ಮನೆಯ ಕುಕ್ಕರಿನ ಸಿಳ್ಳೆ ಯಾವುದೋ ಊರಿನ ರೈಲಿನಂತೆ ಕೇಳುತ್ತಿತ್ತು. ಸುಜಾತಾಳ ಹೆಬ್ಬೆರಳು ಎಲ್ಲಿ ಮುಗಿಯುತ್ತದೆ, ಮಾನಮ್ಮನ ಅಂಗಾಲು ಎಲ್ಲಿ ಶುರುವಾಗುತ್ತದೆ ಎಂಬುದು ಅವಳಿಗೇ ತಿಳಿಯದಾಗಿತ್ತು. ಆಗ ಬಲಗಾಲು ವಾಲಿತು. ಸ್ವಲ್ಪ ತಡೆದು ಎಡಗಾಲು. ಮಾನಮ್ಮ ಏನೋ ಗೊಣಗಿದಳು.

ಸುಜಾತಾ ಉಸಿರು ಬಿಗಿಹಿಡಿದು ಹೊರಬಂದು ಬಾಗಿಲು ಮುಂದೆ ಮಾಡಿದಳು. ಮೆಟ್ಟಿಲ ಮೇಲೆ ಜೊತೆಯಲ್ಲಿ ಕಲಿಯುತ್ತಿದ್ದ ಸಾಮಿಯಾ ಕೂತಿದ್ದಳು.

“ಮಲ್ಗಿದ್ರು ಕಣೇ!”

“ಹೋಗೇ, ಸುಳ್ಳು! ಸಚ್ಚಿ?”

“ಮೆಲ್ಲಗೆ ಮಾತಾಡೇ, ಎದ್ಬಿಟ್ಟಾರು.”

ಸಾಮಿಯಾ ಬೇಕರಿಯಿಂದ ದಿಲ್‌ಪಸಂದ್ ತಂದಳು. ಪಿಸುಗುಟ್ಟುತ್ತ, ಬಾಯಿ ಮುಚ್ಚಿ ನಗುತ್ತ ತಿಂದರು. ಸೊಪ್ಪಿನವಳ ಕೂಗು ನಿಲ್ಲಿಸಿದರು. ಹಾರ್ನ್ ಹೊಡೆದ ಆಟೋದವನಿಗೆ ಕೈಮುಗಿದರು. ಬಿಸಿಲು ಮೆಟ್ಟಿಲಿಳಿದು ಹೋಗುವವರೆಗೂ ಇಡೀ ಗಲ್ಲಿಯನ್ನು ಸುಮ್ಮನಿರಿಸಿದರು.

ಆಮೇಲೆ ಚಹಾ ಒಯ್ದು ಸುಜಾತಾ ಪಾದ ಮುಟ್ಟಿ ಎಬ್ಬಿಸಲು ಹೋದಳು. ಪಾದ ತಣ್ಣಗಿತ್ತು.

*

ಹೆಣದ ವ್ಯಾನು ಹಲಸೂರು ಕೆರೆಯ ಪಕ್ಕ ತೆವಳುತ್ತಿತ್ತು. ಕಂಬಿಗಳಾಚೆ ನೀರು ಮಿನುಗಿ, ಅದರ ಬೆಳಕು ವ್ಯಾನಿನ ಒಳಗೆಲ್ಲ, ಮಾನಮ್ಮನ ಮುಖದ ಮೇಲೂ ಅಲುಗಾಡಿತು.

“ಮಲಗಿದ್ಳು ಅಂತೀರಿ. ಅದ ಸುಳ್ಳು,” ಎಂದ ಜಟ್ಟೆಪ್ಪ. ದನಿಯಲ್ಲಿ ಬೆಳಗಿನ ಬಿಸಿ ಇರಲಿಲ್ಲ. “ಆಕಿ ಮಲಗಾಕಿ ಅಲ್ಲ. ಸಣ್ಣವರಿದ್ದಾಗ ಅವ್ವ ಡಾಂಬರು ಕೆಲಸಕ್ಕ ಹೋದಲ್ಲಿ ರೋಡಿನ ಬಾಜೂಕ ಗುಡಸಲು. ಚೇಳು ಭಾಳ. ನನ್ನ ಬಾಜು ಕುಂತು ಕಾಯ್ತಿದ್ಳು. ನಾ ಯಾವಾಗ ಎಚ್ಚರಾದ್ರೂ ಆಕಿ ಕಣ್ಣು ತೆರದ ಇರ್ತಿದ್ವು.”

“ನಿಮ್ಮ ಕಾಲು ಒತ್ತಬೇಕು ಅಂತ ಎಷ್ಟು ಸಲ ಕರೆದ್ರು, ಭಾಯ್,” ಎಂದಳು ಸಾಮಿಯಾ. “ಒಂದ್ಸಲಾನೂ ಬರ್ಲಿಲ್ಲ ನೀವು.”

“ಅಕ್ಕ ತಮ್ಮನ ಕಾಲು ಮುಟ್ತಾಳೇನವಾ? ಪಾಪ ಬರ್ತದ.” ಅವನು ಒಡೆದ ಪಾದಗಳನ್ನು ಸೀಟಿನ ಕೆಳಗೆ ಎಳೆದುಕೊಂಡ.

ಸುಜಾತಾ ತಲೆಯೆತ್ತಿದಳು. “ನಿಮ್ಮನ್ನ ಅವ್ರು ಏನಂತ ಕರೀತಿದ್ರು? ಚಿಕ್ಕವರಿದ್ದಾಗ?”

“ಜಟ್ಯಾ ಅಂತಿದ್ಳು. ಮೀಸಿ ಬಂದ ಮ್ಯಾಲ ಯಾರೂ ಅಂದಿಲ್ಲ. ಯಾಕ?”

“ಪಾದ ವಾಲಿದ್ಮೇಲೆ ಏನೋ ಗೊಣಗಿದ್ರು. ಯಾರಿಗಂತ ನಂಗರ್ಥ ಆಗ್ಲಿಲ್ಲ. ‘ಸರ್ಕೊ ಜಟ್ಯಾ, ನಾನೂ ಮಲಗ್ತೀನಿ’ ಅಂದ್ರು.”

ಜಟ್ಟೆಪ್ಪ ಕಿಟಕಿಯತ್ತ ತಿರುಗಿದ. ಕೆರೆ ಹಿಂದೆ ಉಳಿದಿತ್ತು. ಸೀಟಿನಲ್ಲಿ ಒಬ್ಬರಿಗೆ ಜಾಗವಾಗುವಷ್ಟು ಅವನು ತನಗರಿವಿಲ್ಲದೆಯೇ ಸರಿದು ಕೂತ.

*

ಹೂಳುವ ಮೊದಲು ಬೆರಳಿನ ದಾರ ಬಿಚ್ಚಬೇಕು. ಸ್ಮಶಾನದಲ್ಲಿ ಜಟ್ಟೆಪ್ಪ ಮಂಡಿಯೂರಿ ಕೂತ. ಬೆಳಗಿನ ನೀರಿಗೆ ಗಂಟು ಬಿಗಿದಿತ್ತು. ಅವನ ದಪ್ಪ ಬೆರಳುಗಳಿಗೆ ಸಿಗಲೊಲ್ಲದು. ಯಾರೋ ಕತ್ತರಿ ಎಂದರು, ಇನ್ಯಾರೋ ಬ್ಲೇಡು ಎಂದರು.

“ನೀ ಬಾರವಾ,” ಎಂದ ಜಟ್ಟೆಪ್ಪ.

ಸುಜಾತಾ ಗಂಟು ಬಿಚ್ಚಿದಳು. ದಾರ ಬಂತು. ಪಾದಗಳು ಬೇರಾಗಲಿಲ್ಲ. ಸೆಟೆದು, ಒಂದಕ್ಕೊಂದು ಅಂಟಿ, ನೆಟ್ಟಗೇ ನಿಂತಿದ್ದವು.

ಅವಳು ಜಟ್ಟೆಪ್ಪನ ಮುಖ ನೋಡಿದಳು. ಅವನು ಪಕ್ಕಕ್ಕೆ ಸರಿದ.

ಸುಜಾತಾ ಅಂಗೈ ಉಜ್ಜಿ ಬಿಸಿ ಮಾಡಿಕೊಂಡಳು. ಮೀನಖಂಡದಿಂದ ಕೆಳಕ್ಕೆ, ಹರಡಿನ ಸುತ್ತ, ಹಿಮ್ಮಡಿಯ ಬಟ್ಟಲಿಗೆ ಅವಳ ಬೆರಳುಗಳು ಇಳಿದವು. ಯಾರೂ ಅವಸರ ಮಾಡಲಿಲ್ಲ. ಬೇವಿನ ನೆರಳು ಅವಳ ಬೆನ್ನಿನ ಮೇಲಿಂದ ಹಾದು ಮಾನಮ್ಮನ ಸೀರೆಯಂಚಿಗೆ ಬಂತು. ಬಲಗಾಲು ವಾಲಿತು. ಸ್ವಲ್ಪ ತಡೆದು, ಎಡಗಾಲು.

ಕುಣಿಯೊಳಗೆ ಇಳಿಸಿದ ಮೇಲೆ ಒಬ್ಬ ಸಲಿಕೆ ತುಂಬ ಮಣ್ಣೆತ್ತಿದ. ಜಟ್ಟೆಪ್ಪ ತುಟಿಯ ಮೇಲೆ ಬೆರಳಿಟ್ಟು ಅವನನ್ನು ತಡೆದ. ಮೊದಲ ಹೆಂಟೆಯನ್ನು ತಾನೇ ಅಂಗೈಯಲ್ಲಿ ಪುಡಿ ಮಾಡಿ, ಬಗ್ಗಿ, ಸದ್ದಾಗದಂತೆ ಬಿಟ್ಟ.